ಊರಲ್ಲೇ ಒಂದು ಆಫೀಸು ಮೇಜು: ಐರ್ಲೆಂಡಿನ ಹಬ್‌ಗಳು ನಡೆಯುವ ಬಗೆ

ಐರ್ಲೆಂಡಿನ ನೈಋತ್ಯ ಮೂಲೆಯ ಕಾರ್ಕ್ ಕೌಂಟಿಯಲ್ಲಿ ಸ್ಕಿಬರೀನ್ ಎಂಬ ಸಣ್ಣ ಪೇಟೆಯಿದೆ. ಇರುವುದು ಸುಮಾರು ಮೂರು ಸಾವಿರ ಜನ. 1840ರ ದಶಕದ ಆಲೂಗಡ್ಡೆ ಬರಗಾಲ ಅತಿ ಕ್ರೂರವಾಗಿ ಬಡಿದ ಊರುಗಳಲ್ಲಿ ಇದೂ ಒಂದು. ಆ ಬರದಲ್ಲಿ ಇಡೀ ದೇಶದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ಹೊರಟುಹೋದರು. ಬರ ಮುಗಿದರೂ ವಲಸೆ ಮುಗಿಯಲಿಲ್ಲ. ಪಶ್ಚಿಮ ಐರ್ಲೆಂಡಿನ ಹಳ್ಳಿಗಳಲ್ಲಿ ಓದಿದ ಮಕ್ಕಳು ಡಬ್ಲಿನ್ನಿಗೋ ಲಂಡನ್ನಿಗೋ ಬಾಸ್ಟನ್ನಿಗೋ ಹೋಗುವುದು ತಲೆಮಾರುಗಳ ರೂಢಿಯಾಗಿಬಿಟ್ಟಿತು.

ಇದೇ ಸ್ಕಿಬರೀನ್‌ನಲ್ಲಿ 2016ರಲ್ಲಿ, ಒಂದು ಕಾಲಕ್ಕೆ ಬೇಕರಿಯಾಗಿದ್ದ ಕಟ್ಟಡ ಲಡ್ಗೇಟ್ ಹಬ್ ಆಗಿ ಬಾಗಿಲು ತೆರೆಯಿತು. ಹೆಸರು ಪರ್ಸಿ ಲಡ್ಗೇಟ್ ಅವರದು. 1883ರಲ್ಲಿ ಇದೇ ಊರಲ್ಲಿ ಹುಟ್ಟಿದ ಅವರು 1909ರಲ್ಲಿ ಗಣಕಯಂತ್ರವೊಂದರ ವಿನ್ಯಾಸ ಪ್ರಕಟಿಸಿದ್ದರು. ಊರಿನವರೇ ಮುಂದೆ ನಿಂತು ಕಟ್ಟಿದ ಈ ಜಾಗಕ್ಕೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಫೈಬರ್ ಬಂತು. ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, ಮೇಜು ಬಾಡಿಗೆಗೆ ಪಡೆದು, ಎಲ್ಲೋ ಇರುವ ಕಂಪನಿಗೆ ಇಲ್ಲಿಂದಲೇ ದುಡಿಯುವುದು ಸಾಧ್ಯವಾಯಿತು. ಕೊರೋನಾ ಬರುವುದಕ್ಕೆ ನಾಲ್ಕು ವರ್ಷ ಮೊದಲಿನ ಮಾತಿದು.

ಕೊರೋನಾ ನಂತರ ಐರ್ಲೆಂಡ್ ಸರ್ಕಾರ ಇಂಥ ಹಬ್‌ಗಳನ್ನು ಗ್ರಾಮೀಣ ನೀತಿಯ ನಡುಮನೆಗೇ ತಂದಿತು. ಅಲ್ಲಿನ ಐಟಿ, ಔಷಧ ಕಂಪನಿಗಳಲ್ಲಿ, ಆಸ್ಪತ್ರೆಗಳಲ್ಲಿ ಕನ್ನಡಿಗರು ಸಾಕಷ್ಟು ಇದ್ದಾರೆ. ಡಬ್ಲಿನ್ ಬಾಡಿಗೆಗೆ ಸಂಬಳದ ದೊಡ್ಡ ಪಾಲು ಸುರಿದು ಬೇಸತ್ತವರಿಗೆ ಈ ವ್ಯವಸ್ಥೆ ನೇರ ಉಪಯೋಗಕ್ಕೆ ಬರುತ್ತದೆ. ಇತ್ತ ಶಿರಸಿ, ಸಾಗರ, ಸುಳ್ಯಗಳಿಂದ ಬೆಂಗಳೂರಿಗೆ ಹೋಗಿ ಮರಳಿ ಬರಲು ದಾರಿ ಹುಡುಕುತ್ತಿರುವವರಿಗೂ, ಊರಿಗೆ ಏನಾದರೂ ಮಾಡಬೇಕೆನ್ನುವ ಪಂಚಾಯಿತಿ ಸದಸ್ಯರಿಗೂ ಇದರ ಒಳಲೆಕ್ಕ ತಿಳಿದಿರುವುದು ಒಳ್ಳೆಯದು.

ಸರ್ಕಾರ ಮಾಡಿದ್ದೇನು

2021ರ ಜನವರಿಯಲ್ಲಿ ಐರ್ಲೆಂಡ್ ರಾಷ್ಟ್ರೀಯ ದೂರಕೆಲಸ ಕಾರ್ಯತಂತ್ರವನ್ನು ಪ್ರಕಟಿಸಿತು. ಸರ್ಕಾರಿ ನೌಕರರಲ್ಲೇ ಶೇ 20ರಷ್ಟು ಮಂದಿ ಕಚೇರಿಯಿಂದ ಹೊರಗೆ ಕೆಲಸ ಮಾಡುವಂತಾಗಬೇಕು ಎಂಬ ಗುರಿ ಅದರಲ್ಲಿತ್ತು. ಎರಡೇ ತಿಂಗಳಲ್ಲಿ, ಅಂದರೆ ಮಾರ್ಚ್ ಕೊನೆಗೆ, 2021ರಿಂದ 2025ರವರೆಗಿನ ಗ್ರಾಮೀಣಾಭಿವೃದ್ಧಿ ನೀತಿ ಬಂತು. ದೇಶದುದ್ದಕ್ಕೂ 400ಕ್ಕೂ ಹೆಚ್ಚು ಹಬ್‌ಗಳ ಜಾಲ ಹೆಣೆಯುವ ಭರವಸೆ ಅದರಲ್ಲಿತ್ತು. ಮೇ ತಿಂಗಳಲ್ಲಿ ‘ಕನೆಕ್ಟೆಡ್ ಹಬ್ಸ್’ ಎಂಬ ಒಂದೇ ತಾಣದಲ್ಲಿ ಹಬ್‌ಗಳ ಪಟ್ಟಿ, ನಕ್ಷೆ, ಬುಕಿಂಗ್ ಎಲ್ಲ ಶುರುವಾಯಿತು. ಜಾಲವನ್ನು ನಡೆಸುವುದು ವೆಸ್ಟರ್ನ್ ಡೆವಲಪ್‌ಮೆಂಟ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆ. ಅದರ ಕಚೇರಿ ಇರುವುದೂ ರಾಜಧಾನಿಯಲ್ಲಲ್ಲ, ರಾಸ್‌ಕಾಮನ್ ಕೌಂಟಿಯ ಬ್ಯಾಲಹಡರೀನ್ ಎಂಬ ಪುಟ್ಟ ಪೇಟೆಯಲ್ಲಿ.

ಈ ಕೇಂದ್ರಗಳಲ್ಲಿ ಬಹುಪಾಲನ್ನು ಸರ್ಕಾರ ಹೊಸದಾಗಿ ಕಟ್ಟಲಿಲ್ಲ ಎಂಬುದನ್ನು ಗಮನಿಸಬೇಕು. ಆಗಲೇ ಇದ್ದ ಸಮುದಾಯ ಭವನ, ಕೌನ್ಸಿಲ್ ಕಟ್ಟಡ, ಖಾಸಗಿ ಹಬ್ಬುಗಳನ್ನು ಒಂದು ಹೆಸರಿನ ಕೆಳಗೆ ತಂದು, ಒಂದೇ ಕಡೆ ಕಾಣುವಂತೆ ಮಾಡಿ, ಕೊರತೆ ಇದ್ದಲ್ಲಿ ದುಡ್ಡು ಕೊಟ್ಟಿತು. ಕ್ಲೇರ್ ಕೌಂಟಿಯಲ್ಲಿ ಕೌನ್ಸಿಲ್ಲೇ ‘ಡಿಜಿಕ್ಲೇರ್’ ಹೆಸರಿನಲ್ಲಿ ಕಿಲ್‌ರಶ್, ಮಿಲ್‌ಟೌನ್ ಮಾಲ್ಬೆ, ಎನಿಸ್ಟೈಮನ್, ಫೀಕಲ್‌ನಂಥ ಊರುಗಳಲ್ಲಿ ಹಬ್ ನಡೆಸುತ್ತಿದೆ.

ಇದರ ಹಿಂದೆ ತಂತಿಯ ಕೆಲಸವೂ ಇತ್ತು. 2019ರ ನವೆಂಬರಿನಲ್ಲಿ ಸಹಿಯಾದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಯೋಜನೆ, ಖಾಸಗಿ ಕಂಪನಿಗಳು ಲಾಭವಿಲ್ಲವೆಂದು ಬಿಟ್ಟುಬಿಟ್ಟ ಸುಮಾರು 5.6 ಲಕ್ಷ ಮನೆ, ಜಮೀನು, ಅಂಗಡಿಗಳಿಗೆ ಫೈಬರ್ ಎಳೆಯುವಂಥದ್ದು. ಮನೆಮನೆಗೆ ತಲುಪಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಜನ ಕಾಯುತ್ತ ಕೂರಬಾರದೆಂದು ಶಾಲೆ, ಕ್ರೀಡಾ ಕ್ಲಬ್, ದ್ವೀಪದ ಸಭಾಭವನಗಳಂಥ ಸುಮಾರು 300 ಜಾಗಗಳಿಗೆ ಮೊದಲೇ ಸಂಪರ್ಕ ಕೊಟ್ಟರು. ಅವುಗಳಲ್ಲಿ ಕೆಲವು ಆಮೇಲೆ ಹಬ್‌ಗಳಾದವು. ನನಗೆ ಇಡೀ ಯೋಜನೆಯಲ್ಲಿ ಅತ್ಯಂತ ಜಾಣ ಹೆಜ್ಜೆ ಅನ್ನಿಸುವುದು ಇದೇ. ಎಲ್ಲರ ಮನೆಗೂ ಬರುವ ತನಕ ಯಾರಿಗೂ ಇಲ್ಲ ಎನ್ನುವ ಬದಲು, ಊರಿಗೊಂದು ಕೋಣೆಗೆ ಮೊದಲು ತಂದರು.

ಮೇಜು ಬೇಕಾದವರಿಗೆ

ಬುಕಿಂಗ್ ಕಷ್ಟವಲ್ಲ. ಕನೆಕ್ಟೆಡ್ ಹಬ್ಸ್ ತಾಣದಲ್ಲಿ ಊರು ಅಥವಾ ಕೌಂಟಿಯ ಹೆಸರು ಕೊಟ್ಟರೆ ಹತ್ತಿರದ ಹಬ್‌ಗಳು ಕಾಣುತ್ತವೆ. ದಿನದ ಲೆಕ್ಕಕ್ಕೆ ಸಿಗುವ ಹಾಟ್ ಡೆಸ್ಕ್, ತಿಂಗಳ ಲೆಕ್ಕಕ್ಕೆ ನಿಮಗೇ ಮೀಸಲಾದ ಮೇಜು, ಬೀಗ ಹಾಕುವ ಸಣ್ಣ ಕೋಣೆ, ಗಂಟೆ ಲೆಕ್ಕಕ್ಕೆ ಮೀಟಿಂಗ್ ಕೋಣೆ, ಹೀಗೆ ಬಗೆಗಳಿವೆ. ದರವನ್ನು ಆಯಾ ಹಬ್ಬೇ ನಿಗದಿ ಮಾಡುತ್ತದೆ. ಸಣ್ಣ ಊರಿನಲ್ಲಿ ಕಡಿಮೆ, ದೊಡ್ಡ ಪಟ್ಟಣದಲ್ಲಿ ಹೆಚ್ಚು. ತಿಂಗಳಿಗೆ ಎಂಟು ಹತ್ತು ದಿನವಷ್ಟೇ ಬೇಕಿದ್ದರೆ ಹತ್ತು ದಿನದ ಪಾಸು ಇದೆಯೇ ಎಂದು ಕೇಳಿ. ದಿನದ ದರಕ್ಕಿಂತ ಅದು ಸಾಮಾನ್ಯವಾಗಿ ಅಗ್ಗ.

ದುಡ್ಡು ಕಟ್ಟುವ ಮೊದಲು ಒಂದು ದಿನ ಹೋಗಿ ಕೂತು ನೋಡಿ. ಡೌನ್‌ಲೋಡ್ ವೇಗವನ್ನು ಎಲ್ಲರೂ ಹೇಳುತ್ತಾರೆ. ವೀಡಿಯೊ ಕಾಲ್‌ಗೆ ಬೇಕಾದದ್ದು ಅಪ್‌ಲೋಡ್, ಅದನ್ನು ನೀವೇ ಪರೀಕ್ಷಿಸಿ. ಫೋನಿನಲ್ಲಿ ಮಾತಾಡಲು ಮುಚ್ಚಿದ ಗೂಡು ಇದೆಯೇ ನೋಡಿ. ಇಲ್ಲದಿದ್ದರೆ ದಿನವಿಡೀ ಮೀಟಿಂಗ್ ಇರುವವರಿಗೆ ಆ ಹಬ್ ಆಗಿಬರದು. ಅಮೆರಿಕದ ತಂಡದ ಜತೆ ಕೆಲಸವಿದ್ದರೆ ಸಂಜೆ ಆರರ ನಂತರ ಬಾಗಿಲು ತೆರೆದಿರುತ್ತದೆಯೇ, ಭಾರತದ ತಂಡವಿದ್ದರೆ ಬೆಳಗ್ಗೆ ಏಳಕ್ಕೆ ಒಳಗೆ ಹೋಗಬಹುದೇ ಎಂದು ವಿಚಾರಿಸಿ. ಎಷ್ಟೋ ಹಬ್ಬುಗಳು ಸದಸ್ಯರಿಗೆ ಯಾವ ಹೊತ್ತಿಗೂ ಬಾಗಿಲು ತೆರೆಯುವ ಎಲೆಕ್ಟ್ರಾನಿಕ್ ಕೀಲಿ ಕೊಡುತ್ತವೆ. ಕಾರಿಲ್ಲದವರು ಹಳ್ಳಿಗಾಡಿನ ‘ಲೋಕಲ್ ಲಿಂಕ್’ ಬಸ್ಸಿನ ವೇಳೆ ನೋಡಿಕೊಂಡೇ ಹಬ್ ಆರಿಸಿ. ಹಾಗೆಯೇ ಮಕ್ಕಳ ಕ್ರೆಶ್ ಎಷ್ಟು ದೂರವಿದೆ ಎಂಬುದನ್ನೂ ನೋಡಿ.

ಯಾರು ದುಡ್ಡು ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಸಂಕೋಚಪಡದೆ ಕಂಪನಿಯ ಮುಂದಿಡಿ. ನಗರದ ನಡುವಿನ ಕಚೇರಿಯಲ್ಲಿ ಒಂದು ಕುರ್ಚಿಗೆ ಅವರು ತೆರುವ ಬಾಡಿಗೆಗಿಂತ ಹಬ್ಬಿನ ಮೇಜು ಬಲು ಅಗ್ಗ. ಇಲ್ಲಿ ತೆರಿಗೆಯ ಒಂದು ಸೂಕ್ಷ್ಮವಿದೆ. ಮನೆಯಲ್ಲೇ ಕೂತು ಕೆಲಸ ಮಾಡಿದ ದಿನಗಳಿಗೆ ವಿದ್ಯುತ್, ಹೀಟಿಂಗ್, ಇಂಟರ್ನೆಟ್ ವೆಚ್ಚದ ಶೇ 30ರಷ್ಟರ ಮೇಲೆ ಐರ್ಲೆಂಡಿನಲ್ಲಿ ತೆರಿಗೆ ವಿನಾಯಿತಿ ಕೇಳಬಹುದು. ಇಲ್ಲವೇ ಕಂಪನಿ ದಿನಕ್ಕೆ 3.20 ಯೂರೋವರೆಗೆ ತೆರಿಗೆಯಿಲ್ಲದೆ ಕೊಡಬಹುದು. ಇದು ಮನೆಗೆ ಮಾತ್ರ. ಹಬ್ಬಿನಲ್ಲಿ ಕೂತ ದಿನಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಮನೆಯ ದಿನ ಯಾವುದು, ಹಬ್ಬಿನ ದಿನ ಯಾವುದು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಕಂಪನಿಗೆ ಬರೆಯುವ ಅರ್ಜಿ

ಹಬ್ ಎಷ್ಟೇ ಚೆನ್ನಾಗಿರಲಿ, ಕಂಪನಿ ಒಪ್ಪದಿದ್ದರೆ ಮೇಜು ಖಾಲಿಯೇ. ಈ ಸಂಗತಿಯನ್ನು ಐರ್ಲೆಂಡ್ ಅರ್ಧವಾದರೂ ಅರ್ಥಮಾಡಿಕೊಂಡಿತು. 2023ರಲ್ಲಿ ಬಂದ ಕಾಯ್ದೆಯ ಪ್ರಕಾರ 2024ರ ಮಾರ್ಚ್ 7ರಿಂದ ಪ್ರತಿಯೊಬ್ಬ ಉದ್ಯೋಗಿಗೂ ದೂರದಿಂದ ಕೆಲಸ ಮಾಡಲು ಅವಕಾಶ ‘ಕೇಳುವ’ ಹಕ್ಕಿದೆ. ಪಡೆಯುವ ಹಕ್ಕಲ್ಲ, ಕೇಳುವ ಹಕ್ಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಬಹುದು. ಆದರೆ ಆರು ತಿಂಗಳ ಸೇವೆ ಮುಗಿಯುವ ಮುನ್ನ ವ್ಯವಸ್ಥೆ ಜಾರಿಗೆ ಬರುವಂತಿಲ್ಲ. ಅರ್ಜಿ ಬರಹದಲ್ಲಿರಬೇಕು, ಶುರುಮಾಡಬೇಕೆಂದಿರುವ ದಿನಕ್ಕೆ ಕನಿಷ್ಠ ಎಂಟು ವಾರ ಮೊದಲು ತಲುಪಬೇಕು. ಕಂಪನಿ ನಾಲ್ಕು ವಾರದೊಳಗೆ ಉತ್ತರಿಸಬೇಕು, ನಿರ್ಧಾರ ಕಷ್ಟವೆನಿಸಿದರೆ ಇನ್ನೂ ನಾಲ್ಕು ವಾರ ತೆಗೆದುಕೊಳ್ಳಬಹುದು. ಬೇಡ ಎಂದರೆ ಕಾರಣವನ್ನು ಬರೆದು ಕೊಡಬೇಕು.

ಅರ್ಜಿಯಲ್ಲಿ ಎಲ್ಲಿಂದ ಕೆಲಸ ಮಾಡುತ್ತೀರಿ, ಆ ಜಾಗ ಕೆಲಸಕ್ಕೆ ಯೋಗ್ಯವೇ ಎಂಬ ವಿವರ ಬೇಕು. ಹಬ್ಬಿನ ನಿಜವಾದ ಬಲ ಇಲ್ಲಿದೆ. ಅಡುಗೆಮನೆಯ ಮೇಜಿನ ಬಗ್ಗೆ ಎಚ್‌ಆರ್ ನೂರು ಪ್ರಶ್ನೆ ಕೇಳಬಹುದು: ಕುರ್ಚಿ ಹೇಗಿದೆ, ಗದ್ದಲವಿದೆಯೇ, ಇಂಟರ್ನೆಟ್ ಕೈಕೊಟ್ಟರೆ ಏನು ಗತಿ. ಹಬ್ಬಿನ ವಿಳಾಸ, ಸಂಪರ್ಕದ ವೇಗ, ಬೀಗದ ಕೋಣೆ, ಬೆಂಕಿ ಸುರಕ್ಷತೆ, ವಿಮೆ ಇವುಗಳ ಒಂದು ಪುಟದ ವಿವರವನ್ನು ಮ್ಯಾನೇಜರಿಂದ ಪಡೆದು ಅರ್ಜಿಗೆ ಲಗತ್ತಿಸಿದರೆ ಆ ಪ್ರಶ್ನೆಗಳಲ್ಲಿ ಬಹುಪಾಲು ಅಲ್ಲೇ ತೀರುತ್ತವೆ. ವಾರಕ್ಕೆ ಎಷ್ಟು ದಿನ, ಯಾವ ದಿನ, ಕಚೇರಿಗೆ ಯಾವಾಗ ಬರುತ್ತೀರಿ ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ. ಗ್ರಾಹಕರ ದತ್ತಾಂಶ ಮುಟ್ಟುವ ಕೆಲಸವಾದರೆ ವಿಪಿಎನ್ ಬಳಕೆ, ಪರದೆ ಬದಿಯಿಂದ ಕಾಣದಂತೆ ಹಚ್ಚುವ ಹಾಳೆ ಇವನ್ನು ನೀವೇ ಮೊದಲು ಪ್ರಸ್ತಾಪಿಸುವುದು ಒಳ್ಳೆಯದು.

ಕಾಯ್ದೆಗೆ ಹಲ್ಲು ಕಡಿಮೆ ಎಂಬುದನ್ನೂ ತಿಳಿದಿರಬೇಕು. ಕಂಪನಿ ಗಡುವು ಮೀರಿದರೆ, ಕಾರಣ ಕೊಡದಿದ್ದರೆ ಕಾರ್ಮಿಕ ಸಂಬಂಧಗಳ ಆಯೋಗಕ್ಕೆ ದೂರು ಕೊಡಬಹುದು; ಗರಿಷ್ಠ ನಾಲ್ಕು ವಾರದ ಸಂಬಳ ಪರಿಹಾರ ಸಿಗಬಹುದು. ಆದರೆ ಕಂಪನಿಯ ನಿರ್ಧಾರ ಸರಿಯೋ ತಪ್ಪೋ ಎಂದು ಆಯೋಗ ತೂಗಿನೋಡುವುದಿಲ್ಲ. ಹಳ್ಳಿಯ ಹಬ್ಬಿಗೆ ಕೋಟಿಗಟ್ಟಲೆ ಖರ್ಚು ಮಾಡಿ, ಅಲ್ಲಿಗೆ ಬರಬೇಕಾದವರ ಕೈಗೆ ಇಷ್ಟು ದುರ್ಬಲ ಹಕ್ಕು ಕೊಟ್ಟದ್ದು ನನ್ನ ದೃಷ್ಟಿಯಲ್ಲಿ ಈ ನೀತಿಯ ದೊಡ್ಡ ಕೊರತೆ.

ವರ್ಕ್ ಪರ್ಮಿಟ್ ಮೇಲೆ ಇರುವ ಕನ್ನಡಿಗರಿಗೆ ಒಂದು ಮಾತು. ಡಬ್ಲಿನ್ ಬಿಟ್ಟು ಬೇರೆ ಕೌಂಟಿಗೆ ಮನೆ ಬದಲಿಸುವ ಮೊದಲು, ಕೆಲಸದ ಜಾಗ ಬದಲಾಗುವುದಕ್ಕೆ ಪರ್ಮಿಟ್ಟಿನ ದೃಷ್ಟಿಯಿಂದ ಅಡ್ಡಿಯಿಲ್ಲ ಎಂದು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ರಜೆಗೆ ಭಾರತಕ್ಕೆ ಬಂದಾಗ ಇಲ್ಲಿಂದಲೇ ನಾಲ್ಕು ವಾರ ಕೆಲಸ ಮಾಡುವುದು ಸಂಪೂರ್ಣ ಬೇರೆ ವಿಷಯ. ತೆರಿಗೆ, ದತ್ತಾಂಶ ನಿಯಮಗಳು ಆಗ ಬದಲಾಗುತ್ತವೆ, ಹಬ್ಬಿಗೆ ಸಿಕ್ಕ ಒಪ್ಪಿಗೆ ಅದಕ್ಕೆ ಅನ್ವಯಿಸುವುದಿಲ್ಲ.

ಕಟ್ಟುವವರಿಗೆ ದುಡ್ಡು ಎಲ್ಲಿಂದ

ಐರ್ಲೆಂಡಿನಲ್ಲಿ ಸಮುದಾಯದ ಗುಂಪೊಂದು ಹಬ್ ಮಾಡಹೊರಟರೆ ಬಾಗಿಲು ಒಂದಲ್ಲ. ದೊಡ್ಡ ಕಟ್ಟಡದ ಕಾಯಕಲ್ಪಕ್ಕೆ 2018ರಲ್ಲಿ ಶುರುವಾದ ಗ್ರಾಮೀಣ ಪುನರುಜ್ಜೀವನ ನಿಧಿಯಿದೆ. 2027ರವರೆಗಿನ ಅವಧಿಗೆ ಅದಕ್ಕೆ ಇಟ್ಟ ಮೊತ್ತ 100 ಕೋಟಿ ಯೂರೋ. ಮಧ್ಯಮ ಗಾತ್ರದ ಕೆಲಸಕ್ಕೆ ಪಟ್ಟಣ ಮತ್ತು ಹಳ್ಳಿ ನವೀಕರಣ ಯೋಜನೆ. ಪಾಳುಬಿದ್ದ ಅಂಗಡಿ, ಮುಚ್ಚಿದ ಬ್ಯಾಂಕ್ ಶಾಖೆಗಳನ್ನು ಹಬ್ ಮಾಡಲು ಇದರಿಂದ ದುಡ್ಡು ಹೋಗಿದೆ. ಅರ್ಜಿ ಕೌಂಟಿ ಕೌನ್ಸಿಲ್ ಮೂಲಕವೇ ಹೋಗಬೇಕು. ಐರೋಪ್ಯ ಒಕ್ಕೂಟದ ಪಾಲಿರುವ ಲೀಡರ್ ಕಾರ್ಯಕ್ರಮದಲ್ಲಿ ಸ್ಥಳೀಯ ಕ್ರಿಯಾ ಗುಂಪುಗಳೇ ಯೋಜನೆ ಆರಿಸುತ್ತವೆ. 2023–27ರ ಅವಧಿಗೆ ಅಲ್ಲಿ 18 ಕೋಟಿ ಯೂರೋ ಇದೆ. ಫೋನ್ ಗೂಡು, ಕೀಲಿ ವ್ಯವಸ್ಥೆ, ಮೇಜು ಕುರ್ಚಿಯಂಥವಕ್ಕೆ 2021ರಿಂದ ಪ್ರತ್ಯೇಕ ಹಬ್ ನಿಧಿಯ ಸುತ್ತುಗಳು ಬಂದಿವೆ. ಇವೆಲ್ಲ ವರ್ಷವಿಡೀ ತೆರೆದಿರುವುದಿಲ್ಲ. ಆಯಾ ಸುತ್ತಿನ ಪ್ರಕಟಣೆ ಬಂದಾಗ ನಕ್ಷೆ, ಅಂದಾಜು ಪಟ್ಟಿ, ಕಟ್ಟಡದ ಗುತ್ತಿಗೆ ಪತ್ರ ಕೈಯಲ್ಲಿದ್ದವರಿಗೆ ಮಾತ್ರ ಗಡುವಿನೊಳಗೆ ಅರ್ಜಿ ಹಾಕಲು ಸಾಧ್ಯ.

ಕೊಡುವ ದುಡ್ಡೆಲ್ಲ ಹೆಚ್ಚಾಗಿ ಗೋಡೆಗೆ, ಸಾಮಾನಿಗೆ. ಬೆಳಗ್ಗೆ ಬಾಗಿಲು ತೆರೆದು, ವೈಫೈ ಕೆಟ್ಟರೆ ಸರಿಮಾಡಿಸಿ, ಹೊಸಬರಿಗೆ ಕಾಫಿ ಕೊಟ್ಟು ಪಕ್ಕದ ಮೇಜಿನವರ ಪರಿಚಯ ಮಾಡಿಸುವ ಮ್ಯಾನೇಜರ ಸಂಬಳಕ್ಕೆ ದಾರಿ ಕಡಿಮೆ. ವಿಮೆ, ವಿದ್ಯುತ್ ಬಿಲ್ಲು ಪ್ರತಿ ತಿಂಗಳೂ ಬರುತ್ತವೆ. ಕೆಲವು ಸಮುದಾಯ ಹಬ್ಬುಗಳಿಗೆ ನೌಕರರ ಸಂಬಳದ ಒಂದು ಪಾಲನ್ನು ಸಾಮಾಜಿಕ ಉದ್ಯೋಗ ಕಾರ್ಯಕ್ರಮಗಳು ತುಂಬಿಕೊಡುತ್ತವೆ. ಉಳಿದವು ಒಬ್ಬರೇ ಅರೆಕಾಲಿಕ ನೌಕರರ ಹೆಗಲ ಮೇಲೆ ನಡೆಯುತ್ತಿವೆ. ಬಾಳಿಕೆ ಬಂದ ಹಬ್ಬುಗಳನ್ನು ಗಮನಿಸಿದರೆ, ವರ್ಷಕ್ಕೆ ಐದಾರು ಮೇಜು ಗುತ್ತಿಗೆ ಹಿಡಿಯುವ ಒಂದು ಕಂಪನಿಯೋ ಇಲಾಖೆಯೋ ಜತೆಗಿರುತ್ತದೆ. ಅದರ ಬಾಡಿಗೆ ಸಂಬಳಕ್ಕೆ ಆಧಾರ. ಬಿಡಿ ಮೇಜಿನ ಆದಾಯ ಅದರ ಮೇಲಿನದು.

ಬೇಡಿಕೆ ಹುಟ್ಟಿಸುವುದಕ್ಕೂ ಸರ್ಕಾರ ಒಮ್ಮೆ ಖರ್ಚು ಮಾಡಿತು. 2022ರಲ್ಲಿ ವೋಚರ್ ಯೋಜನೆ ತಂದು 10,000 ದಿನಗಳ ಮೇಜನ್ನು ಉಚಿತವಾಗಿ ಹಂಚಿತು. ಒಬ್ಬರಿಗೆ ಮೂರು ದಿನದವರೆಗೆ. ತಮ್ಮ ಊರಲ್ಲಿ ಹಬ್ ಇದೆಯೆಂದೇ ಅರಿಯದವರು ಬಂದು ಕೂತು ನೋಡುವಂತಾಯಿತು. ಕಟ್ಟಡದ ಖರ್ಚಿನ ಮುಂದೆ ಇದು ಪುಡಿಗಾಸು. ಇಂಥದ್ದು ಪ್ರತಿ ವರ್ಷ ಇರಬೇಕಿತ್ತು.

ಭಾಷೆ ಉಳಿಸುವ ಮೇಜು

ಐರಿಷ್ ಮಾತಾಡುವ ಪ್ರದೇಶಗಳನ್ನು ಗೇಲ್ಟಕ್ಟ್ ಎನ್ನುತ್ತಾರೆ. ಬಹುತೇಕ ಪಶ್ಚಿಮ ಕರಾವಳಿಯ, ದ್ವೀಪಗಳ ಹಳ್ಳಿಗಳವು. ಅವುಗಳ ಅಭಿವೃದ್ಧಿಗೆಂದೇ 1980ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ‘ಊದರಾಸ್ ನ ಗೇಲ್ಟಕ್ಟ’. ಅದು ‘ಜಿಟೆಕ್’ ಹೆಸರಿನಲ್ಲಿ ಸುಮಾರು 30 ಹಬ್‌ಗಳ ಜಾಲ ಕಟ್ಟಿದೆ. ಮನೆಯಲ್ಲಿ, ಅಂಗಡಿಯಲ್ಲಿ, ಶಾಲೆಯ ಬಯಲಲ್ಲಿ ಆಡುವ ಭಾಷೆ ಉಳಿಯಬೇಕಾದರೆ ಮೂವತ್ತರ ಹರೆಯದ ಅಪ್ಪ ಅಮ್ಮಂದಿರು ಆ ಊರಲ್ಲೇ ಇರಬೇಕು. ಇರಬೇಕಾದರೆ ಅವರಿಗೆ ಅಲ್ಲೇ ಸಂಬಳ ಸಿಗಬೇಕು. ಭಾಷಾನೀತಿಯ ಈ ಸರಳ ಲೆಕ್ಕ ನಮ್ಮ ಕೊಡವ, ತುಳು, ಅರೆಭಾಷೆ, ಹವ್ಯಕ ಕನ್ನಡದ ಮನೆಗಳಿಗೂ ಚೆನ್ನಾಗಿ ಗೊತ್ತು.

ಡಾನಿಗಲ್ ಕರಾವಳಿಯ ಆರನ್‌ಮೋರ್ ದ್ವೀಪದಲ್ಲಿ ಐನೂರು ಜನವೂ ಇಲ್ಲ. 2019ರಲ್ಲಿ ಅಲ್ಲಿ ಸಣ್ಣ ಡಿಜಿಟಲ್ ಹಬ್ ತೆರೆದಾಗ ದ್ವೀಪದವರು ಅಮೆರಿಕಕ್ಕೂ ಆಸ್ಟ್ರೇಲಿಯಾಕ್ಕೂ ಬಹಿರಂಗ ಪತ್ರ ಬರೆದರು: ನಿಮ್ಮ ಕೆಲಸ ಬಿಡಬೇಕಿಲ್ಲ, ಅದನ್ನು ಹಿಡಿದುಕೊಂಡೇ ಇಲ್ಲಿಗೆ ಬನ್ನಿ ಎಂಬುದು ಅದರ ಸಾರ. ಕೋಣೆ ಸಿದ್ಧವಾದ ಮೇಲೆ ಬರುವವರನ್ನು ಕಾಯುತ್ತ ಕೂರದೆ, ಹೋಗಿ ಕರೆದರು.

ನಮ್ಮ ಊರಲ್ಲಿ ಮಾಡುವುದಾದರೆ

2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಅದೇ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂಬ ಚಳವಳಿ ನಡೆಯಿತು. ಸರ್ಕಾರ ಇತ್ತ ಏನೂ ಮಾಡಿಲ್ಲವೆಂದಲ್ಲ. ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿಗಳಲ್ಲಿ ಐಟಿ ಪಾರ್ಕ್ ಕಟ್ಟಿದೆ, ‘ಬಿಯಾಂಡ್ ಬೆಂಗಳೂರು’ ಯೋಜನೆ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳತ್ತ ಕಂಪನಿಗಳನ್ನು ಕರೆಯುತ್ತಿದೆ. ಇವು ಕಂಪನಿಯನ್ನು ಜಿಲ್ಲೆಗೆ ತರುವ ದಾರಿಗಳು. ಹೊಸನಗರದ ಹಳ್ಳಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯಬೇಕೆನ್ನುವ ಒಬ್ಬರಿಗೆ ಬೇಕಾದದ್ದು ಪಾರ್ಕಲ್ಲ, ಒಂದು ಮೇಜು. ಕೇರಳ ‘ವರ್ಕ್ ನಿಯರ್ ಹೋಮ್’ ಯೋಜನೆಯಲ್ಲಿ ಆ ಕಡೆಗೆ ಕಾಲಿಟ್ಟಿದೆ. ಚೆನ್ನೈನ ಕೊಳತ್ತೂರಿನಲ್ಲಿ 2024ರ ನವೆಂಬರಿನಲ್ಲಿ ತಮಿಳುನಾಡು ಸರ್ಕಾರ ತೆರೆದ ಇಂಥದೇ ಕೇಂದ್ರದಲ್ಲಿ ಮೇಜಿನ ಆರಂಭದ ದರ ಅರ್ಧ ದಿನಕ್ಕೆ 50 ರೂಪಾಯಿ, ಪೂರ್ತಿ ದಿನಕ್ಕೆ 100 ರೂಪಾಯಿ ಇತ್ತು.

ನಮ್ಮಲ್ಲಿ ಕಟ್ಟಡಕ್ಕೆ ಬರವಿಲ್ಲ. ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಮಲೆನಾಡು, ಕರಾವಳಿಯಲ್ಲಿ ಸಹಕಾರಿ ಸೊಸೈಟಿಗಳ ಮಹಡಿಗಳಲ್ಲಿ ಖಾಲಿ ಸಭಾಂಗಣ ಸಿಗುತ್ತದೆ. ನನ್ನ ಮಟ್ಟಿಗೆ ಹಬ್ ನಡೆಸಲು ತಕ್ಕ ಜಾಗ ಸೊಸೈಟಿಯೇ. ದಿನವೂ ಬಾಗಿಲು ತೆರೆಯುವ ಕಾರ್ಯದರ್ಶಿ, ಲೆಕ್ಕ ಬರೆಯುವ ಗುಮಾಸ್ತರು, ಬಾಡಿಗೆ ಪಡೆಯುವ ಖಾತೆ, ಊರಿನ ನಂಬಿಕೆ ಅಲ್ಲಿ ಆಗಲೇ ಇದೆ. ಐರ್ಲೆಂಡಿನ ಹಬ್ಬುಗಳಿಗೆ ಕಷ್ಟವಾಗಿರುವ ಖರ್ಚು ಇಲ್ಲಿ ಅರ್ಧ ತೀರಿದಂತೆ.

ಮುಂದಿನ ಗ್ರಾಮಸಭೆಗೋ ಸೊಸೈಟಿಯ ವಾರ್ಷಿಕ ಮಹಾಸಭೆಗೋ ಅರ್ಜಿ ಬರೆಯುವವರು ಮೊದಲು ಹೆಸರುಗಳನ್ನು ಕಲೆಹಾಕಿ. ಊರಿನಿಂದ ಹೊರಗೆ ಕೆಲಸ ಮಾಡುತ್ತಿರುವವರಲ್ಲಿ ಯಾರಿಗೆ ವಾರಕ್ಕೆ ಎಷ್ಟು ದಿನ ಇಲ್ಲಿಂದ ಕೆಲಸ ಮಾಡಲು ಕಂಪನಿಯ ಒಪ್ಪಿಗೆಯಿದೆ, ಅವರು ತಿಂಗಳಿಗೆ ಎಷ್ಟು ಕೊಡಲು ಸಿದ್ಧ ಎಂಬ ಪಟ್ಟಿ ಸಹಿಯೊಂದಿಗೆ ಇರಲಿ. ಹತ್ತು ಹೆಸರು ಸಿಕ್ಕರೆ ಆರು ಮೇಜಿನಿಂದ ಶುರುಮಾಡಬಹುದು, ಎಲ್ಲರೂ ಒಂದೇ ದಿನ ಬರುವುದಿಲ್ಲ. ಭಾರತ್‌ನೆಟ್ ಎಳೆ ಪಂಚಾಯಿತಿ ಕಟ್ಟಡಕ್ಕೆ ಬಂದಿದೆಯೇ, ಬಂದದ್ದು ಕೆಲಸ ಮಾಡುತ್ತಿದೆಯೇ ಎಂದು ಹೋಗಿ ನೋಡಿ. ಬೇರೆ ಕಂಪನಿಯ ಎರಡನೆಯ ಸಂಪರ್ಕದ ದರಪಟ್ಟಿ ತರಿಸಿ. ಶೌಚಾಲಯ, ಹೆಣ್ಣುಮಕ್ಕಳು ಸಂಜೆ ಏಳರ ನಂತರವೂ ನಿರಾತಂಕವಾಗಿ ಕೂರುವಂಥ ದೀಪ, ಬೀಗ ಇವನ್ನು ಅಂದಾಜು ಪಟ್ಟಿಯ ಮೇಲಿನ ಸಾಲಿನಲ್ಲೇ ಬರೆಯಿರಿ. ಪಂಚಾಯಿತಿಯ ಸ್ವಂತ ಆದಾಯ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಯಾವುದರಿಂದ ಏನು ಆಗುತ್ತದೆಂದು ಪಿಡಿಒ ಬಳಿ ಕೂತು ಬೇರೆ ಬೇರೆಯಾಗಿ ತೋರಿಸಿ. ಮೊದಲ ವರ್ಷದ ನಿರ್ವಹಣೆ ವೆಚ್ಚಕ್ಕೆ ಪ್ರತ್ಯೇಕ ಸಾಲಿರಲಿ. ಯುಪಿಎಸ್ ಕೊಳ್ಳುವಾಗ ಮಲೆನಾಡಿನ ಜುಲೈ ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಕರೆಂಟು ಹೋದ ಮೇಲೆ ಆರು ಲ್ಯಾಪ್‌ಟಾಪ್ ಮತ್ತು ರೌಟರ್ ಕನಿಷ್ಠ ನಾಲ್ಕು ಗಂಟೆ ನಡೆಯುವಷ್ಟು ಬ್ಯಾಟರಿ ಕೇಳಿ.